ದೂರು ಕೊಟ್ಟ ದಿನದಿಂದ ಒಂದು ತಿಂಗಳು

ಗುಲಾಮ ಒಂದು ತಿಂಗಳು ತಪ್ಪಿಸಿಕೊಂಡಿದ್ದರೆ ಅವನ ಕಿವಿ ಕತ್ತರಿಸಬೇಕು, ಒಂದು ಭುಜದ ಮೇಲೆ ಲಿಲ್ಲಿ ಹೂವಿನ ಆಕಾರದ ಬರೆ ಹಾಕಬೇಕು. ಎರಡನೇ ಸಲ ಒಂದು ತಿಂಗಳು ತಪ್ಪಿಸಿಕೊಂಡರೆ ಮಂಡಿಯ ಹಿಂದಿನ ನರ ಕತ್ತರಿಸಬೇಕು, ಇನ್ನೊಂದು ಭುಜಕ್ಕೂ ಬರೆ. ಮೂರನೇ ಸಲಕ್ಕೆ ಮರಣದಂಡನೆ.

ಇದು ಫ್ರಾನ್ಸಿನ ರಾಜ 14ನೇ ಲೂಯಿ 1685ರಲ್ಲಿ ಹೊರಡಿಸಿದ 'ಕೋಡ್ ನ್ವಾರ್' ಎಂಬ ಕಾನೂನಿನ 38ನೇ ಕಲಂ. ಮೊದಲು ಮಾಡಿದ್ದು ಕೆರಿಬಿಯನ್ ದ್ವೀಪಗಳಿಗೆ. 1723ರ ಡಿಸೆಂಬರಿನಲ್ಲಿ ಇದನ್ನೇ ಅಲ್ಲಲ್ಲಿ ತಿದ್ದಿ ನಮ್ಮ ಕಡೆಯ ಸಮುದ್ರದ ಎರಡು ದ್ವೀಪಗಳಿಗೂ ತಂದರು. ಒಂದು ಬೂರ್ಬೋಂ, ಅಂದರೆ ಈಗಿನ ರಿಯೂನಿಯನ್. ಇನ್ನೊಂದು ಈಲ್ ದ ಫ್ರಾನ್ಸ್, ಅಂದರೆ ಈಗಿನ ಮಾರಿಷಸ್.

ನಾನು ವಕೀಲೆ. ತಾಲ್ಲೂಕು ಕೋರ್ಟಿನಲ್ಲಿ ಜಮೀನು, ಪಾಲು, ಬಾಡಿಗೆ ಇಂಥ ಖಟ್ಲೆ ನಡೆಸಿದವಳು. ಮನೆಯವರ ಕೆಲಸದ ಸಲುವಾಗಿ ನಾವು ಕೆಲವು ವರ್ಷ ಮಾರಿಷಸ್‌ನಲ್ಲಿದ್ದೆವು. ಅಲ್ಲಿ ನನಗೆ ವಕಾಲತ್ತು ಮಾಡುವ ಹಾಗಿರಲಿಲ್ಲ. ಸುಮ್ನೆ ಕೂರುವ ಜಾತಿ ನನ್ನದಲ್ಲ. ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿತೆ. ಮಾತು ಸ್ವಲ್ಪ ಬಂದ ಮೇಲೆ ಏನು ಓದುವುದು ಅಂತ ಹುಡುಕಿದಾಗ, ನನ್ನ ವೃತ್ತಿಯವರು ಓದಬಹುದಾದ್ದು ಈ ಹಳೇ ಕಾನೂನುಗಳೇ ಅನ್ನಿಸಿತು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಹಳೇ ಮುದ್ರಣಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಕಾಸು ಕೊಡಬೇಕಿಲ್ಲ. ಪ್ರಿಂಟ್ ತೆಗೆದು, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆಯುತ್ತಾ ಓದತೊಡಗಿದೆ.

ಓದುವುದು ನಿಧಾನ. ಆ ಕಾಲದ ಅಚ್ಚಿನಲ್ಲಿ 'ಎಸ್' ಅಕ್ಷರ ಉದ್ದಕ್ಕೆ ಇರುತ್ತದೆ, 'ಎಫ್' ಥರವೇ ಕಾಣುತ್ತದೆ. ಕಣ್ಣು ಪಳಗುವ ತನಕ ಪ್ರತಿ ಸಾಲಿಗೂ ಎಡವಬೇಕು. ಕಾಗುಣಿತವೂ ಈಗಿನದ್ದಲ್ಲ. ಆದರೆ ಕಾನೂನಿನ ಕಟ್ಟು ಎಲ್ಲಾ ಕಡೆ ಒಂದೇ. 'ಯಾರಾದರೂ ಹೀಗೆ ಮಾಡಿದರೆ, ಹೀಗೆ ಮಾಡತಕ್ಕದ್ದು.' ಅದು ಹಿಡಿತಕ್ಕೆ ಸಿಕ್ಕ ಮೇಲೆ ಮುಂದೆ ಹೋಗುವುದು ಸುಲಭವಾಯಿತು. ಸುಲಭವಾಗಿದ್ದೇ ಕಷ್ಟವಾಯಿತು. ಭಾಷೆಯ ಗೊಡವೆಯಲ್ಲಿ ಮುಳುಗಿದ್ದಾಗ ಅರ್ಥ ದೂರ ಇರುತ್ತಿತ್ತು. ಅರ್ಥ ನೇರ ಬರತೊಡಗಿದ ರಾತ್ರಿ ಊಟ ಸೇರಲಿಲ್ಲ.

38ನೇ ಕಲಮನ್ನು ವಕೀಲರು ಓದುವ ರೀತಿಯಲ್ಲೇ ಓದಿದೆ. ಶಿಕ್ಷೆ ಆಮೇಲೆ, ಮೊದಲು ವಾಯಿದೆ. ಒಂದು ತಿಂಗಳು ಅಂದರೆ ಯಾವತ್ತಿನಿಂದ? ಗುಲಾಮ ತೋಟ ಬಿಟ್ಟ ದಿನದಿಂದಲ್ಲ. 'ಯಜಮಾನ ನ್ಯಾಯಾಲಯಕ್ಕೆ ದೂರು ಕೊಟ್ಟ ದಿನದಿಂದ' ಎಂದು ಬರೆದಿದೆ. ಎರಡನೇ ಸಲಕ್ಕೂ ಅದೇ ಲೆಕ್ಕ.

ಇದನ್ನು ಓದಿ ಪೆನ್ಸಿಲ್ ಕೆಳಗಿಟ್ಟೆ. ಒಬ್ಬ ಮನುಷ್ಯ ಕಾಡಿನಲ್ಲಿ ಎಷ್ಟು ದಿನ ಇದ್ದ ಅನ್ನುವುದು ಮುಖ್ಯವಲ್ಲ. ಅವನು 'ಓಡಿಹೋದವನು' ಆಗುವುದು ಯಜಮಾನ ಹಾಗಂತ ಬರೆಸಿದ ಮೇಲೆ. ಯಜಮಾನ ದೂರು ಕೊಡದೆ ತಾನೇ ಹಿಡಿದು ತಂದರೆ ಕೋರ್ಟಿಗೆ ಸಂಬಂಧವೇ ಇಲ್ಲ. ಸರಪಳಿ ಹಾಕುವ, ಬೆತ್ತದಿಂದಲೋ ಹಗ್ಗದಿಂದಲೋ ಹೊಡೆಯುವ ಹಕ್ಕು ಅವನಿಗೆ 42ನೇ ಕಲಮಿನಲ್ಲೇ ಇದೆ. ಅಂಗ ಕತ್ತರಿಸುವ ಹಕ್ಕು ಮಾತ್ರ ಇಲ್ಲ. ಅದನ್ನು ರಾಜ ತನ್ನ ಕೋರ್ಟಿಗೆ ಇಟ್ಟುಕೊಂಡ.

ಊರಲ್ಲಿ ನಾನು ಕೆಲಸ ಕಲಿತ ಹಿರಿಯ ವಕೀಲರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಮ್ಮಾ, ಗಲ್ಲಿಗೆ ಹಾಕಿದ್ರೆ ಯಜಮಾನನಿಗೆ ಲುಕ್ಸಾನಲ್ವಾ? ದುಡ್ಡು ಕೊಟ್ಟು ತಗೊಂಡಿರ್ತಾನೆ. ಅವನು ಯಾಕೆ ದೂರು ಕೊಡ್ತಾನೆ? ಆ ಲುಕ್ಸಾನು ಯಾರು ಕಟ್ಟಿಕೊಡ್ತಾರೆ ನೋಡು" ಅಂದರು.

"ನೋಡ್ತೀನಿ ಸರ್" ಅಂದೆ. ಉತ್ತರ ಎರಡು ಕಲಂ ಆಚೆಗೇ ಇತ್ತು. 40ನೇ ಕಲಂ. ಯಜಮಾನನ ದೂರಿನ ಮೇಲೆ ಗುಲಾಮನಿಗೆ ಮರಣದಂಡನೆ ಆದರೆ, ಆ ಅಪರಾಧದಲ್ಲಿ ಯಜಮಾನನ ಕೈ ಇಲ್ಲದಿದ್ದರೆ, ದ್ವೀಪದ ಇಬ್ಬರು ಪ್ರಮುಖ ನಿವಾಸಿಗಳು ಗುಲಾಮನ ಬೆಲೆ ಕಟ್ಟಬೇಕು. ಕಟ್ಟುವುದು ಅವನು ಸಾಯುವ ಮೊದಲು. ಆ ಬೆಲೆ ಯಜಮಾನನಿಗೆ ಸಲ್ಲಬೇಕು. ಹಣ ಎಲ್ಲಿಂದ ಅಂದರೆ, ದ್ವೀಪದ ಗುಲಾಮರ ತಲೆ ಎಣಿಸಿ ಅವರ ಯಜಮಾನರ ಮೇಲೆ ಹಾಕಿದ ತೆರಿಗೆಯಿಂದ. ಬೂರ್ಬೋಂನಲ್ಲೂ ಈಲ್ ದ ಫ್ರಾನ್ಸ್‌ನಲ್ಲೂ ಇದಕ್ಕೆಂದೇ ಸಾಮೂಹಿಕ ನಿಧಿ ಇತ್ತು. ಇವತ್ತು ವಾಹನಕ್ಕೆ ವಿಮೆ ಕಟ್ಟುತ್ತೇವಲ್ಲ, ಅದೇ ಏರ್ಪಾಡು.

ಸರ್ ಕೇಳಿದ ಒಂದೇ ಪ್ರಶ್ನೆಯಿಂದ ಇಡೀ ಕಾನೂನನ್ನು ಓದುವ ದಾರಿ ಬದಲಾಯಿತು. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ಭಾಗ ಮಾಡಿದೆ. ದೂರು ಯಾರದು, ಶಿಕ್ಷೆ ಯಾರಿಗೆ, ದುಡ್ಡು ಯಾರಿಗೆ. ಒಂದೊಂದೇ ಕಲಮನ್ನು ಅದರಲ್ಲಿ ಇಳಿಸಿದೆ. ಓಡಿಹೋದವರಿಗೆ ಆಸರೆ ಕೊಟ್ಟವರ ಕಲಂ ನನ್ನನ್ನು ಬಹಳ ಕಾಡಿತು. ಬಿಡುಗಡೆಯಾದ ಮಾಜಿ ಗುಲಾಮ ತನ್ನ ಮನೆಯಲ್ಲಿ ಯಾರನ್ನಾದರೂ ಇಟ್ಟುಕೊಂಡರೆ, ಇಟ್ಟುಕೊಂಡ ಪ್ರತಿ ದಿನಕ್ಕೆ 3000 ಪೌಂಡ್ ಸಕ್ಕರೆ ದಂಡ. ಅದೂ ಯಜಮಾನನಿಗೇ ಹೋಗಬೇಕು. ಬೇರೆ ಸ್ವತಂತ್ರ ಜನ ಆಸರೆ ಕೊಟ್ಟರೆ ದಿನಕ್ಕೆ ಹತ್ತು ಲೀವ್ರ್ (ಆಗಿನ ಫ್ರೆಂಚ್ ಹಣ) ಅಷ್ಟೇ. ತಮ್ಮನಿಗೆ ಒಂದು ರಾತ್ರಿ ಬಾಗಿಲು ತೆರೆದ ಅಕ್ಕ ಜೀವಮಾನವಿಡೀ ಸಾಲದಲ್ಲಿ ಬೀಳಲಿ ಅಂತಲೇ ಮಾಡಿದ ಲೆಕ್ಕ ಇದು. ದಂಡವನ್ನು ಸಕ್ಕರೆಯಲ್ಲಿ ಹಾಕಿದ್ದಾರೆ ನೋಡಿ. ಯಾವ ಬೆಳೆಗೋಸ್ಕರ ಮನುಷ್ಯರನ್ನು ತಂದರೋ ಅದರಲ್ಲೇ.

ಇನ್ನೊಂದು ಕಲಮನ್ನೂ ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಗುಲಾಮ ಸಿವಿಲ್ ದಾವೆಯಲ್ಲಿ ವಾದಿಯೂ ಆಗುವಂತಿಲ್ಲ, ಪ್ರತಿವಾದಿಯೂ ಆಗುವಂತಿಲ್ಲ. ಕಾನೂನಿನ ಪ್ರಕಾರ ಅವನು ಚರಾಸ್ತಿ. ಮೇಜು, ಎತ್ತು, ಅವನು, ಎಲ್ಲಾ ಒಂದೇ ಪಟ್ಟಿಯಲ್ಲಿ.

ಕಾನೂನು ಇಷ್ಟು ಕ್ರೂರವಾಗಿದ್ದರೂ ಜನ ಓಡಿಹೋಗುವುದು ನಿಲ್ಲಲೇ ಇಲ್ಲ. ಮಾರಿಷಸ್‌ನಲ್ಲಿ ಫ್ರೆಂಚರಿಗಿಂತ ಮೊದಲು ಡಚ್ಚರಿದ್ದರು. 1640ರ ದಶಕದ ಶುರುವಿನಲ್ಲಿ ಅವರು ಮಡಗಾಸ್ಕರ್‌ನಿಂದ ತಂದ ನೂರು ಚಿಲ್ಲರೆ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಂದ ಕೆಲವೇ ವಾರಗಳಲ್ಲಿ ಕಾಡು ಸೇರಿದರು. ಹೆಚ್ಚಿನವರು ಮತ್ತೆ ಸಿಗಲಿಲ್ಲ. 1695ರ ಜೂನ್ 18ರಂದು ಕೆಲವು ಗುಲಾಮರು ಸೇರಿ ಡಚ್ಚರ ಕೋಟೆಗೇ ಬೆಂಕಿ ಹಚ್ಚಿದರು. ಸಿಕ್ಕಿಬಿದ್ದವರಲ್ಲಿ ಬಂಗಾಳದ ಆನ್ನಾ ಅನ್ನುವ ಹೆಂಗಸೂ ಇದ್ದಳು. ಅವಳ ನಿಜವಾದ ಹೆಸರು ಏನಿತ್ತೋ. ತಾಯಿ ಕರೆದ ಹೆಸರು ಕಾಗದದಲ್ಲಿ ಉಳಿದಿಲ್ಲ. ಊರಿನ ಹೆಸರಷ್ಟೇ ಅಂಟಿಕೊಂಡು ಬಂದಿದೆ. ಇಂಥ ಹೆಸರುಗಳು ದಾಖಲೆಯಲ್ಲಿ ಬಹಳ ಇವೆ. ಮಾರಿಷಸ್‌ಗೆ ಭಾರತದವರು ಹೋದದ್ದು ಕಬ್ಬಿನ ಕೂಲಿಗಳಾಗಿ ಅಂತಷ್ಟೇ ನಮ್ಮಲ್ಲಿ ಗೊತ್ತು. ಅದಕ್ಕೂ ನೂರು ವರ್ಷ ಮೊದಲೇ ಬಂಗಾಳದಿಂದ, ಪಾಂಡಿಚೇರಿ ಕಡೆಯಿಂದ ಜನರನ್ನು ಗುಲಾಮರಾಗಿ ಹಡಗು ಹತ್ತಿಸಿದ್ದರು.

ಫ್ರೆಂಚ್ ಗವರ್ನರ್ ಲಾ ಬೂರ್ದೊನೆ 1735ರಲ್ಲಿ ಬಂದಾಗ ಓಡಿಹೋದವರನ್ನು ಹಿಡಿಯಲು ದಳ ಕಟ್ಟಿದ. ಅದರಲ್ಲಿ ಕರಿಯರನ್ನೇ ಸೇರಿಸಿ ಕರಿಯರ ಮೇಲೆ ಬಿಟ್ಟ. ಬೂರ್ಬೋಂನಲ್ಲಿ ಫ್ರಾನ್ಸ್ವಾ ಮುಸಾರ್ ಅನ್ನುವವನು ಇದನ್ನೇ ಕಸುಬು ಮಾಡಿಕೊಂಡು ಹೆಸರು ಮಾಡಿದ. ಬೆಟ್ಟದಲ್ಲಿ ಕೊಂದವರ ಹೆಣ ಹೊತ್ತು ತರುವುದು ಕಷ್ಟ ಅಂತ ಕೈ ಕತ್ತರಿಸಿ ತರುತ್ತಿದ್ದರು. ಅದೇ ಸಾಕ್ಷಿ, ಅದನ್ನು ತೋರಿಸಿದರೆ ಇನಾಮು. ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದು ಆ ಪುಟ ಮಡಚಿಟ್ಟೆ. ಜಾಸ್ತಿ ಬರೆಯುವ ಮನಸ್ಸಾಗಲಿಲ್ಲ. ಒಂದು ಮಾತು ಸೇರಿಸುತ್ತೇನೆ. ರಿಯೂನಿಯನ್‌ನ ನಡುವಿನ ಆಳ ಕಣಿವೆಗಳಿಗೆ ಮಫಾತ್, ಸಿಲಾವೋಸ್ ಅಂತ ಹೆಸರು. ಅವು ಓಡಿಹೋದ ಮಡಗಾಸ್ಕರ್ ಜನರಿಂದ ಬಂದ ಹೆಸರುಗಳು. ಮಫಾತ್‌ಗೆ ಇವತ್ತಿಗೂ ಗಾಡಿ ರಸ್ತೆ ಇಲ್ಲ. ನಡೆದೇ ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್.

ಓಡಿಹೋದವರು ಅಡಗುತ್ತಿದ್ದ, ಮಾರಿಷಸ್‌ನ ನೈಋತ್ಯ ಮೂಲೆಯ ಲ ಮೋರ್ನ್ ಬೆಟ್ಟಕ್ಕೆ ಹೋದದ್ದು ಇಷ್ಟೆಲ್ಲ ಓದಿದ ಮೇಲೆ. ಎತ್ತರ 556 ಮೀಟರ್. ಸಮುದ್ರದ ಅಂಚಿನಲ್ಲೇ ನೆಟ್ಟಗೆ ಎದ್ದು ನಿಂತ ಕಪ್ಪು ಬಂಡೆ. ಅರ್ಧ ದಾರಿ ಆರಾಮಾಗಿ ನಡೆಯಬಹುದು. ಆಮೇಲೆ ಕೈಕಾಲು ನಾಲ್ಕೂ ಊರಿ ಹತ್ತಬೇಕು. ಹಗ್ಗ ಹಿಡಿಯಬೇಕಾದ ಜಾಗವೂ ಇದೆ. ಕೈಯಲ್ಲಿ ಮಗು, ತಲೆ ಮೇಲೆ ಪಾತ್ರೆ ಇಟ್ಟುಕೊಂಡು, ಕತ್ತಲಲ್ಲಿ, ಬರಿಗಾಲಲ್ಲಿ ಹೆಂಗಸರು ಇಲ್ಲಿ ಹತ್ತಿದ್ದಾರೆ ಅಂತ ನೆನೆದಾಗ ನನ್ನ ಕಾಲಿನ ಬೂಟು ನೋಡಿಕೊಂಡೆ. 1835ರಲ್ಲಿ ಬಿಡುಗಡೆಯ ಸುದ್ದಿ ಹೇಳಲು ಪೊಲೀಸರು ಬೆಟ್ಟ ಹತ್ತಿದಾಗ, ಹಿಡಿಯಲು ಬಂದರೆಂದು ತಿಳಿದು ಮೇಲಿದ್ದವರು ಕೆಳಕ್ಕೆ ಹಾರಿದರು ಅಂತ ಅಲ್ಲಿಯ ಜನ ಹೇಳುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಕಾಗದದ ಸಾಕ್ಷಿ ಕೇಳುವುದು ನನ್ನ ಕಸುಬು, ಆದರೂ ಅಲ್ಲಿ ಕೇಳಬೇಕು ಅನ್ನಿಸಲಿಲ್ಲ. ಕಾಗದ ಬರೆದವರೆಲ್ಲ ಇನ್ನೊಂದು ಪಕ್ಷದವರೇ ಅಲ್ವಾ? 2008ರಲ್ಲಿ ಯುನೆಸ್ಕೊ ಈ ಬೆಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಬಿಡುಗಡೆಯ ಲೆಕ್ಕವನ್ನೂ ನನ್ನ ಮೂರು ಭಾಗದ ನೋಟ್‌ಬುಕ್ಕಿನಲ್ಲಿ ಹಾಕಿದೆ. ಇಂಗ್ಲಿಷರು 1810ರಲ್ಲಿ ಮಾರಿಷಸ್ ಗೆದ್ದರು. ಫ್ರೆಂಚ್ ಕಾನೂನು ಹಾಗೇ ಇರಲಿ ಅಂತ ಒಪ್ಪಂದವಾಯಿತು. 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಪರಿಹಾರವಾಗಿ ಸುಮಾರು 21 ಲಕ್ಷ ಪೌಂಡ್ ಕೊಟ್ಟರು, ಯಜಮಾನರಿಗೆ. ಬಿಡುಗಡೆಯಾದವರಿಗೆ ಸಿಕ್ಕಿದ್ದು ಕೆಲಸ ಕಲಿಯುವವರು ಅನ್ನುವ ಹೆಸರಿನಲ್ಲಿ ಅದೇ ತೋಟದಲ್ಲಿ ಇನ್ನೂ ನಾಲ್ಕು ವರ್ಷದ ದುಡಿಮೆ. ಅಷ್ಟರಲ್ಲಿ ಭಾರತದಿಂದ ಕೂಲಿಗಳ ಹಡಗು ಬರತೊಡಗಿತ್ತು. ಅವರು ಗುಲಾಮರಲ್ಲ, ಕರಾರಿನವರು. ಆದರೂ ಒಂದು ದಿನ ಕೆಲಸ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ. 1867ರ ಕಾನೂನು ಬಂದ ಮೇಲೆ ಕರಾರು ಮುಗಿಸಿದವರು ಕೂಡ ಫೋಟೊ ಅಂಟಿಸಿದ ಪಾಸ್ ಇಟ್ಟುಕೊಂಡೇ ರಸ್ತೆಗೆ ಇಳಿಯಬೇಕಿತ್ತು. ಇಲ್ಲದಿದ್ದರೆ ಅಲೆಮಾರಿ ಅಂತ ಹಿಡಿಯುತ್ತಿದ್ದರು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಜ್ ಅನ್ನುವ, ತೋಟ ನೋಡಿಕೊಳ್ಳುತ್ತಿದ್ದವನ ನೆರವಿನಿಂದ 9,401 ಮಂದಿ ಸೇರಿ ಇದರ ವಿರುದ್ಧ ಅರ್ಜಿ ಕೊಟ್ಟರು. ತೋಟದ ಮಾಲೀಕರು ಈ ಕೂಲಿಗಳ ಗೈರುಹಾಜರಿಗೂ ಹಳೇ ಹೆಸರನ್ನೇ ಇಟ್ಟಿದ್ದರು. ಗುಲಾಮ ಓಡಿಹೋದರೆ ಹೇಳುತ್ತಿದ್ದ 'ಮಾರೊನಾಜ್'.

ಇಷ್ಟು ಓದಿದ ಮೇಲೂ ನನಗೊಂದು ಕೊರತೆ ಕಾಡುತ್ತಿತ್ತು. ಎಲ್ಲಾ ಕಡೆ ಯಜಮಾನನ ದೂರು ಇದೆ, ಕೋರ್ಟಿನ ಆದೇಶ ಇದೆ. ಆ ಕಡೆಯವನ ಮಾತು ಎಲ್ಲಿ? ಕಕ್ಷಿದಾರನ ಬಾಯಿಂದ ಒಂದು ಸಾಲೂ ಕೇಳದೆ ಖಟ್ಲೆ ಹೇಗೆ ತಿಳಿಯುವುದು? ಹೀಗೆ ಹುಡುಕುವಾಗ ಸಿಕ್ಕಿದವನು ಫ್ಯುರ್ಸಿ.

ಫ್ಯುರ್ಸಿಯ ಅಮ್ಮ ಮದಲೇನ್. ಹುಟ್ಟಿದ್ದು 1759ರಲ್ಲಿ, ಬಂಗಾಳದ ಚಂದ್ರನಗರದಲ್ಲಿ. ಅದು ಆಗ ಫ್ರೆಂಚರ ಊರು. ಒಂಬತ್ತು ವರ್ಷದ ಹುಡುಗಿಯನ್ನು ಒಬ್ಬ ಫ್ರೆಂಚ್ ಸನ್ಯಾಸಿನಿಗೆ ಮಾರಿದರು. ಆಕೆ ಹುಡುಗಿಯನ್ನು ಫ್ರಾನ್ಸಿಗೆ, ಲೋರಿಯಾಂ ಬಂದರಿಗೆ ಕರೆದುಕೊಂಡು ಹೋದಳು. ಬಿಡುಗಡೆ ಮಾಡಬೇಕು ಅನ್ನುವ ಷರತ್ತಿನ ಮೇಲೆ ಬೂರ್ಬೋಂನ ರೂತಿಯೇ ಅನ್ನುವ ಮಹಿಳೆಗೆ ಒಪ್ಪಿಸಿದಳು. ಬಿಡುಗಡೆಯ ಕಾಗದ ಆದದ್ದು 1789ರಲ್ಲಿ. ಅಷ್ಟರಲ್ಲಿ ಮದಲೇನ್‌ಗೆ ಮಕ್ಕಳಾಗಿದ್ದವು. 1786ರಲ್ಲಿ ಹುಟ್ಟಿದ ಫ್ಯುರ್ಸಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ತಾಯಿ ಸ್ವತಂತ್ರಳಾದಳು, ಮಗು ಗುಲಾಮನಾಗಿಯೇ ಉಳಿಯಿತು. ಯಜಮಾನಿ ತೀರಿಕೊಂಡ ಮೇಲೆ ಅವನು ಅವಳ ಸಂಬಂಧಿ ಜೋಸೆಫ್ ಲೋರಿಯ ಪಾಲಿಗೆ ಬಂದ.

1817ರಲ್ಲಿ, ಅಮ್ಮ ತೀರಿಕೊಂಡ ಬಳಿಕ, ಅವಳ ಕಾಗದಪತ್ರ ಫ್ಯುರ್ಸಿಯ ಕೈಗೆ ಬಂತು. ಅವನಿಗೆ ಓದು ಬರಹ ಬರುತ್ತಿತ್ತು. ನಾನು ಸ್ವತಂತ್ರ ಅಂತ ಲೋರಿಗೆ ತಿಳಿಸಿ ಮನೆ ಬಿಟ್ಟ. ಇಲ್ಲಿ ಗಮನಿಸಬೇಕು. ಅವನು ಕಾಡಿಗೆ ಹೋಗಲಿಲ್ಲ, ಬೆಟ್ಟ ಹತ್ತಲಿಲ್ಲ, ಬಚ್ಚಿಟ್ಟುಕೊಳ್ಳಲೂ ಇಲ್ಲ. ಕೋರ್ಟಿಗೆ ಹೋದ. ಲೋರಿ ಓಡಿಹೋದ ಗುಲಾಮ ಅಂತ ದೂರು ಕೊಟ್ಟ. ಫ್ಯುರ್ಸಿಯನ್ನು ಬೂರ್ಬೋಂನ ಮುಖ್ಯ ಪಟ್ಟಣ ಸೇಂಟ್ ಡೆನಿಯ ಜೈಲಿಗೆ ಹಾಕಿದರು.

ಇದನ್ನು ಓದಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಗುಲಾಮ ದಾವೆ ಹೂಡುವಂತಿಲ್ಲ. ನಾನು ಗುಲಾಮನಲ್ಲ ಅಂತ ಹೇಳಲಿಕ್ಕೇ ದಾವೆ ಬೇಕು. ಅದನ್ನು ಹೂಡಲು ಮನೆಯಿಂದ ಹೊರಗೆ ಕಾಲಿಟ್ಟರೆ ಓಡಿಹೋದವನು. ಬಾಗಿಲೇ ಇಲ್ಲದ ಹಾಗೆ ಕಟ್ಟಿದ ಕಾನೂನು.

ದ್ವೀಪದ ಸರ್ಕಾರಿ ವಕೀಲ ಜಿಲ್ಬೇರ್ ಬೂಶೆ ಅವನ ಪರ ನಿಂತ. ಅವನ ಕೈಕೆಳಗಿನ ಕಿರಿಯ ವಕೀಲ ಸುಲ್ಲಿ ಬ್ರುನೆಯೂ ಜೊತೆಗೆ ಇದ್ದ. ಅವರ ವಾದವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಏಳು ವರ್ಷದೊಳಗಿನ ಮಗುವನ್ನು ತಾಯಿಯಿಂದ ಬೇರೆ ಮಾಡುವಂತಿಲ್ಲ, ಹಾಗಾಗಿ 1789ರ ಬಿಡುಗಡೆ ಫ್ಯುರ್ಸಿಗೂ ಸೇರಿದ್ದು. ಫ್ರಾನ್ಸಿನ ನೆಲ ತುಳಿದ ಕ್ಷಣಕ್ಕೇ ಮದಲೇನ್ ಸ್ವತಂತ್ರಳು, ಹಾಗಾಗಿ ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಸ್ವತಂತ್ರ. ಅವಳು ಭಾರತದವಳು, ಗುಲಾಮಳಾಗಬಾರದಿತ್ತು ಅನ್ನುವ ಮಾತೂ ಬಂತು. ಈ ಕೊನೆಯದು ನನಗೆ ಒಪ್ಪಿಗೆಯಿಲ್ಲ. ಆಫ್ರಿಕಾದವಳಾದರೆ ಆಗಬಹುದಿತ್ತೇ? ಆದರೆ ಜೈಲಿನಲ್ಲಿ ಕೂತ ಕಕ್ಷಿದಾರನಿಗೋಸ್ಕರ ಸಿಕ್ಕಿದ ದಾರಿಯನ್ನೆಲ್ಲ ಹಿಡಿಯಬೇಕಾಗುತ್ತದೆ. ಅದು ನನಗೂ ಗೊತ್ತು.

ದ್ವೀಪದಲ್ಲಿ ಸಾವಿರಾರು ಗುಲಾಮರಿದ್ದರು. ಒಬ್ಬ ಗೆದ್ದರೆ ಎಲ್ಲರೂ ಕಾಗದ ಹುಡುಕಿಯಾರು ಅಂತ ತೋಟದ ಮಾಲೀಕರಿಗೆ ನಡುಕ. ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದ ದೆಬಾಸ್ಸಿನ್ ತೋಟದ ಮಾಲೀಕರ ಮನೆತನದವನೇ. ಬೂಶೆ ದ್ವೀಪ ಬಿಟ್ಟು ಫ್ರಾನ್ಸಿಗೆ ಮರಳಬೇಕಾಯಿತು. 1817ರ ಕೊನೆಗೆ ಕೆಳಗಿನ ಕೋರ್ಟು, 1818ರ ಫೆಬ್ರವರಿಯಲ್ಲಿ ಮೇಲಿನ ಕೋರ್ಟು, ಎರಡೂ ಫ್ಯುರ್ಸಿಯ ವಿರುದ್ಧ ಹೋದವು. ಸುಮಾರು ಒಂದು ವರ್ಷ ಜೈಲಿನಲ್ಲಿಟ್ಟು, 1818ರಲ್ಲಿ ಅವನನ್ನು ಹಡಗು ಹತ್ತಿಸಿದರು. ಮಾರಿಷಸ್‌ನಲ್ಲಿದ್ದ ಲೋರಿ ಕುಟುಂಬದ ತೋಟಕ್ಕೆ. ಮೂವತ್ತು ದಾಟಿದ ಮನುಷ್ಯ. ಹೆಂಡತಿ ಮಕ್ಕಳು, ಅಕ್ಕ, ಎಲ್ಲಾ ಬೂರ್ಬೋಂನಲ್ಲಿ. ಕಲಮಿನಲ್ಲಿ ಗಡೀಪಾರು ಅಂತ ಬರೆದಿಲ್ಲ. ಯಜಮಾನನಿಗೆ ತನ್ನ ಚರಾಸ್ತಿಯನ್ನು ಎಲ್ಲಿಗೆ ಬೇಕಾದರೂ ಸಾಗಿಸುವ ಹಕ್ಕಿತ್ತು, ಅಷ್ಟೇ ಸಾಕಾಯಿತು.

ಫ್ಯುರ್ಸಿ ಸುಮ್ಮನಾಗಲಿಲ್ಲ. ಬೂಶೆಗೆ ಕಾಗದ ಬರೆಯುತ್ತಲೇ ಹೋದ. ಆ ಕಾಗದಗಳು ಬೂಶೆಯ ಕಡತದಲ್ಲೇ ಉಳಿದು, 2005ರಲ್ಲಿ ಪ್ಯಾರಿಸ್‌ನಲ್ಲಿ ಹರಾಜಿಗೆ ಬಂದವು. ರಿಯೂನಿಯನ್‌ನ ದಾಖಲೆ ಭಂಡಾರ ಅವುಗಳನ್ನು ಕೊಂಡಿತು. ಅದರಿಂದಾಗಿ ಇವತ್ತು ನನ್ನಂಥವಳಿಗೂ ಅವನ ಮಾತು ಸಿಕ್ಕಿತು. ಕೊನೆಯಲ್ಲಿ ಅವನದೇ ರುಜು. ನನ್ನ ನೋಟ್‌ಬುಕ್ಕಿನಲ್ಲಿ ಅವನಿಗೆಂದು ನಾಲ್ಕನೇ ಭಾಗ ಗೆರೆ ಹಾಕಿದೆ.

ಮಾರಿಷಸ್‌ನಲ್ಲಿ ಅವನಿಗೆ ಬಿಡುಗಡೆ ಸಿಕ್ಕಿದ ಬಗೆ ವಕೀಲರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಆಗ ಇಂಗ್ಲಿಷರ ಆಡಳಿತ. ಗುಲಾಮರ ಸಾಗಣೆ ನಿಷೇಧವಾಗಿತ್ತು, ಪ್ರತಿ ಗುಲಾಮನ ಹೆಸರೂ ರಿಜಿಸ್ಟರಿನಲ್ಲಿ ಇರಬೇಕಿತ್ತು. ಫ್ಯುರ್ಸಿಯನ್ನು ಇಳಿಸುವಾಗ ಸರಿಯಾಗಿ ದಾಖಲು ಮಾಡಿಸಿರಲಿಲ್ಲ. ಆ ಲೋಪವನ್ನು ಹಿಡಿದು 1829ರಲ್ಲಿ ಅವನು ಸ್ವತಂತ್ರನಾದ. ಪೋರ್ಟ್ ಲೂಯಿಯಲ್ಲಿ ಮಿಠಾಯಿ ಮಾಡುವ ಕಸುಬು ಹಿಡಿದು ಕೈಗೆ ದುಡ್ಡು ಮಾಡಿಕೊಂಡ.

ಹೊಟ್ಟೆಪಾಡು ನಡೆಯುತ್ತಿತ್ತು. ಯಾರೂ ಅವನನ್ನು ಹಿಡಿಯುವಂತಿರಲಿಲ್ಲ. ಆದರೂ ಅವನು ಪ್ಯಾರಿಸ್‌ಗೆ ಹೋದ. ಇಂಗ್ಲಿಷರು ಬಿಟ್ಟರು ಅಂತಲ್ಲ, ನಾನು ಯಾವತ್ತೂ ಗುಲಾಮನಾಗಿರಲೇ ಇಲ್ಲ ಅಂತ ಫ್ರಾನ್ಸಿನ ಕೋರ್ಟು ಹೇಳಬೇಕು ಅನ್ನುವುದು ಅವನ ಬೇಡಿಕೆ. 1840ರಲ್ಲಿ ಅಲ್ಲಿಯ ಅತಿ ದೊಡ್ಡ ಕೋರ್ಟು ಬೂರ್ಬೋಂನ ತೀರ್ಪನ್ನು ತಳ್ಳಿಹಾಕಿತು. 1843ರ ಡಿಸೆಂಬರ್ 23ರಂದು ಪ್ಯಾರಿಸ್‌ನ ರಾಯಲ್ ಕೋರ್ಟು ಫ್ಯುರ್ಸಿ ಹುಟ್ಟಿನಿಂದಲೇ ಸ್ವತಂತ್ರ ಎಂದು ತೀರ್ಪು ಕೊಟ್ಟಿತು. ಆಗ ಅವನಿಗೆ 57 ವರ್ಷ. ಒಂದು ದೂರಿನಿಂದ ಓಡಿಹೋದವನಾಗಿ 26 ವರ್ಷ ಕಳೆದಿತ್ತು. ತೀರ್ಪು ಅವನೊಬ್ಬನಿಗೆ ಮಾತ್ರ. ಬೂರ್ಬೋಂನಲ್ಲಿ ಉಳಿದ ಸುಮಾರು 62 ಸಾವಿರ ಗುಲಾಮರು 1848ರ ಡಿಸೆಂಬರ್ 20ರ ತನಕ ಕಾಯಬೇಕಾಯಿತು.